ಸೊನ್ನೆ ಬರುವ ವರ್ಷ

ಸೂ ಸಿಟಿ, ಅಯೋವಾ
11 ಫೆಬ್ರವರಿ 2018

ಆರ್ಲಿಸ್,

ಮಾಂಸದ ಫ್ಯಾಕ್ಟರಿಯವರು ಕೊಟ್ಟ ವರ್ಷದ ಸಂಬಳದ ಚೀಟಿ ಇದರ ಜೊತೆಗಿದೆ. ಯಾವಾಗಿನಂತೆ ತೆರಿಗೆಯ ಫಾರಂ ನೀನೇ ತುಂಬಿ ಕಳಿಸು. ಸಹಿ ಹಾಕಿ ತಿರುಗಿ ಟಪಾಲಿಗೆ ಹಾಕುತ್ತೇನೆ. ಫೋನ್ ಮಾಡಬೇಡ ಎಂದು ನೀನು ಹೇಳಿದ್ದೆ, ಮಾಡಿಲ್ಲ.

ಒಂದು ಮಾತು ಕೇಳಬೇಕು. ನಾನು ನಿನ್ನನ್ನೂ ಕಿಯೊಕಕ್ ಊರನ್ನೂ ಬಿಟ್ಟು ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಡೈವೋರ್ಸ್ ಮಾಡಿಕೊಂಡು ಮುಗಿಸಿಬಿಡೋಣ. ಅವಸರ ನನಗಲ್ಲ, ಕೊರಿನ್‌ಗೆ. ಅವಳ ಎಡ ಸೊಂಟದ ಕೀಲು ಸವೆದುಹೋಗಿದೆ, ಬದಲಿಸಬೇಕು ಎಂದಿದ್ದಾರೆ ಡಾಕ್ಟರು. ಅವಳದು ಹೋಟೆಲಿನಲ್ಲಿ ಬಡಿಸುವ ಕೆಲಸ, ಅಲ್ಲಿ ವಿಮೆ ಇಲ್ಲ. ನನ್ನ ಫ್ಯಾಕ್ಟರಿಯ ವಿಮೆ ಹೆಂಡತಿಗೂ ಸಿಗುತ್ತದೆ. ಆದರೆ ಅವಳು ನನ್ನ ಹೆಂಡತಿಯಲ್ಲವಲ್ಲ. ಮದುವೆಯಾದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ.

ಶನಿವಾರ ಕುಣಿಯಲು ಹೋಗುವುದನ್ನು ಬಿಟ್ಟಿದ್ದೇವೆ.

ಡೆಲ್ಮರ್


ಕಿಯೊಕಕ್, ಅಯೋವಾ
4 ಮಾರ್ಚ್ 2018

ಡೆಲ್ಮರ್,

ಕುಣಿತ ಬಿಟ್ಟಿದ್ದೀರಿ ಎಂದು ಓದಿ ತುಂಬ ಸಂಕಟವಾಯಿತು. ನೀನು ನನ್ನನ್ನು ಬಿಟ್ಟು ಹೋದದ್ದೇ ಆ ಕುಣಿತಕ್ಕಾಗಿ. ಶಾಲೆಯ ಅಡುಗೆಮನೆಯಲ್ಲಿ ನಿಂತೂ ನಿಂತೂ ಊದಿಕೊಂಡ ನನ್ನ ಕಾಲು ನಿನ್ನ ಪೋಲ್ಕಾ ಕುಣಿತಕ್ಕೆ ಸರಿಹೋಗಿರಲಿಲ್ಲ. ಈಗ ಅವಳದೂ ಹೋಯಿತು. ಪಾಪ ನೀನು.

ಡೈವೋರ್ಸಿಗೆ ನನ್ನ ಕಡೆಯಿಂದ ಅಡ್ಡಿಯಿಲ್ಲ. ಅಡ್ಡಿ ಇರುವುದು ತೆರಿಗೆಯದು. ನಿಧಾನವಾಗಿ ಓದು, ನಿನ್ನ ತಲೆಗೆ ಹೋಗುವಂತೆ ಬರೆಯುತ್ತೇನೆ.

ನೀನು ಎರಡು ಕಡೆ ತೆರಿಗೆ ಕಟ್ಟುತ್ತೀಯ. ದೊಡ್ಡದು ವಾಷಿಂಗ್ಟನ್ನಿಗೆ, ಸಣ್ಣದು ನಮ್ಮ ಅಯೋವಾಕ್ಕೆ. ವಾಷಿಂಗ್ಟನ್ನಿಗೆ ಕಟ್ಟಿದ್ದನ್ನು ಆದಾಯದಲ್ಲಿ ಕಳೆದು, ಮಿಕ್ಕದ್ದಕ್ಕೆ ಮಾತ್ರ ನಮಗೆ ಕೊಡಿ ಎನ್ನುತ್ತದೆ ಅಯೋವಾ. ಎಷ್ಟೋ ರಾಜ್ಯಗಳಲ್ಲಿ ಈ ಉಪಕಾರ ಇಲ್ಲ. ಆದರೆ ವಾಷಿಂಗ್ಟನ್ನಿನವರು ಹೆಚ್ಚಾಯಿತೆಂದು ರೀಫಂಡ್ ಕೊಟ್ಟರೆ, ಅದನ್ನು ಮುಂದಿನ ವರ್ಷ ಅಯೋವಾದ ಫಾರಂನಲ್ಲಿ ಆದಾಯವೆಂದು ತೋರಿಸಬೇಕು. ನಮ್ಮ ರೀಫಂಡ್ ಇಬ್ಬರ ಹೆಸರಿಗೂ ಸೇರಿ ಬರುತ್ತದೆ. ಅಯೋವಾದ ಫಾರಂನಲ್ಲಿ ಗಂಡನಿಗೊಂದು ಕಾಲಂ, ಹೆಂಡತಿಗೊಂದು ಕಾಲಂ. ಬಂದ ರೀಫಂಡನ್ನು ಎರಡಕ್ಕೂ ಹಂಚಬೇಕು. ಹಂಚಬೇಕಾದರೆ ಎರಡು ಕಾಲಂ ಬೇಕು, ಎರಡು ಕಾಲಂ ಬೇಕಾದರೆ ಗಂಡ ಹೆಂಡತಿಯಾಗಿರಬೇಕು. ಈ ವರ್ಷವೂ ರೀಫಂಡ್ ಬರುತ್ತಿದೆ. ಅಂದಮೇಲೆ ಮುಂದಿನ ವರ್ಷವೂ ನೀನು ನನ್ನ ಗಂಡನೇ. ನಡುವೆ ಕೈ ಬಿಟ್ಟರೆ ಡಿಮಾಯ್ನ್‌ನ ತೆರಿಗೆ ಕಚೇರಿಯವರು ಹಿಂದಿನದನ್ನೆಲ್ಲ ಕೆದಕಿ, ಬಿಟ್ಟುಕೊಟ್ಟದ್ದನ್ನು ದಂಡದ ಸಮೇತ ಕಕ್ಕಿಸುತ್ತಾರೆ.

ಕಾನೂನು ನಾನು ಮಾಡಿದ್ದಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡು.

ಆರ್ಲಿಸ್


ಸೂ ಸಿಟಿ
2 ಏಪ್ರಿಲ್ 2018

ಆರ್ಲಿಸ್,

ಸಹಿ ಮಾಡಿದ್ದೇನೆ. ನಿನ್ನ ಪತ್ರ ಎರಡು ಸಲ ಓದಿದೆ, ತಲೆ ತಿರುಗಿತು. ಕೊರಿನ್‌ಗೂ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಅಂದ್ರೆ ರೀಫಂಡ್ ಬರೋವರ್ಗೂ ನಿಮ್ಮಿಬ್ರಿಗೂ ಬಿಡುಗಡೆ ಇಲ್ವಾ? ಹಂಗಾದ್ರೆ ರೀಫಂಡೇ ಬರ್ದಂಗೆ ಮಾಡು. ಸಂಬಳದಲ್ಲಿ ಕಮ್ಮಿ ಹಿಡ್ಕೊಳ್ರಪ್ಪಾ ಅಂತ ಫ್ಯಾಕ್ಟ್ರಿಗೆ ಬರ್ಕೊಡು" ಎಂದಳು.

ಹಾಗೆ ಮಾಡಬಹುದೇ? ಲೆಕ್ಕದಲ್ಲಿ ನಿನ್ನಷ್ಟು ಚುರುಕು ನಾನಲ್ಲ, ನಿನಗೇ ಗೊತ್ತು. ನೀನು ಹೇಳಿದಂತೆ ಮಾಡುತ್ತೇನೆ.

ಡೆಲ್ಮರ್


ಕಿಯೊಕಕ್
15 ಏಪ್ರಿಲ್ 2018

ಡೆಲ್ಮರ್,

ಬಡಿಸುವವಳಾದರೂ ಬುದ್ಧಿ ಓಡಿಸುತ್ತಾಳೆ, ಮೆಚ್ಚಿದೆ. ಆದರೆ ಕಡಿಮೆ ಹಿಡಿಸಿಕೊಂಡರೆ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿಗೆ ಬಾಕಿ ಕಟ್ಟಬೇಕಾಗುತ್ತದೆ. ಕಟ್ಟಿದ ಆ ಬಾಕಿಯನ್ನು ಮುಂದಿನ ವರ್ಷ ಅಯೋವಾದ ಲೆಕ್ಕದಲ್ಲಿ ಕಳೆಯಬೇಕು. ಅದನ್ನೂ ಎರಡು ಕಾಲಂಗೆ ಹಂಚಬೇಕು. ರೀಫಂಡ್ ಬಂದರೂ ಈ ಮದುವೆಯ ಕಟ್ಟು, ಬಾಕಿ ಕೊಟ್ಟರೂ ಕಟ್ಟು.

ದಾರಿ ಒಂದೇ. ಯಾವುದಾದರೂ ಒಂದು ವರ್ಷ ಸಂಬಳದಲ್ಲಿ ಹಿಡಿದದ್ದೂ ಕೊಡಬೇಕಾದದ್ದೂ ಒಂದೇ ಆಗಿ, ಸೊನ್ನೆ ಬರಬೇಕು. ಬರುವುದೂ ಇಲ್ಲ, ಕೊಡುವುದೂ ಇಲ್ಲ. ಅಂಥ ವರ್ಷ ಬಂದರೆ ಮರುದಿನವೇ ಕೋರ್ಟಿಗೆ ಹೋಗೋಣ. ನಾನು ಫಾರಂ ತುಂಬಲು ಶುರುಮಾಡಿದಾಗಿನಿಂದ ಅಂಥ ವರ್ಷ ನೋಡಿಲ್ಲ. ಅವಳಿಗೆ ಶುಭವಾಗಲಿ ಎಂದು ಹೇಳು.

ಆರ್ಲಿಸ್


ಸೂ ಸಿಟಿ
9 ಫೆಬ್ರವರಿ 2020

ಆರ್ಲಿಸ್,

ಸಂಬಳದ ಚೀಟಿ ಇದೆ. ಈ ಸಲ ಸೊನ್ನೆ ಬರುತ್ತದೆ ಎನ್ನುತ್ತಾಳೆ ಕೊರಿನ್.

ಹೋದ ವರ್ಷ ಪೂರ್ತಿ ಅವಳಿಗೆ ಇದೇ ಕೆಲಸ. ನೀನು ಕಳಿಸಿದ ಹಳೆಯ ಫಾರಂಗಳಲ್ಲಿ ನಿನ್ನ ಸಂಬಳ ನೋಡಿಕೊಂಡಳು, ಶಾಲೆಯವರು ವರ್ಷಕ್ಕೆ ಎಷ್ಟು ಏರಿಸುತ್ತಾರೆ ಎಂದು ಅಂದಾಜು ಹಾಕಿದಳು. ನನ್ನ ಪ್ರತಿ ವಾರದ ಚೆಕ್ಕು ಬಂದ ಕೂಡಲೇ ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಕೂಡಿ ಕಳೆದು, ಎಷ್ಟು ಹಿಡಿಯಬೇಕೆಂದು ಬರೆದುಕೊಡುತ್ತಿದ್ದಳು. ಈಗ ಕೋಲು ಹಿಡಿದೇ ನಡೆಯುವುದು. ಹೋಟೆಲಿನವರು ಬಡಿಸುವುದರಿಂದ ತೆಗೆದು ಗಲ್ಲಾದ ಹಿಂದೆ ಕೂರಿಸಿದ್ದಾರೆ. ಅಲ್ಲಿ ಗಿರಾಕಿಗಳು ಕೊಡುವ ಟಿಪ್ಸ್ ಇಲ್ಲ.

"ಸೊನ್ನೆ ಬರ್ಲಿ, ಆರ್ಲಿಸ್‌ಗೆ ಒಂದು ಹೂಗುಚ್ಛ ಕಳಿಸ್ತೀನಿ" ಎಂದಿದ್ದಾಳೆ. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಕಾನೂನಿನ ಮೇಲೆ ಮಾತ್ರ.

ಬೇಗ ನೋಡಿ ಹೇಳು.

ಡೆಲ್ಮರ್


ಕಿಯೊಕಕ್
1 ಮಾರ್ಚ್ 2020

ಡೆಲ್ಮರ್,

ಹನ್ನೊಂದು ಡಾಲರ್.

ಹನ್ನೊಂದು ಡಾಲರ್ ರೀಫಂಡ್ ಬರುತ್ತಿದೆ. ನನಗೇ ನಂಬಲಾಗಲಿಲ್ಲ, ಮತ್ತೊಮ್ಮೆ ಕೂಡಿದೆ. ತೆರಿಗೆ ಓದಿದವರಿಗೂ ಇಷ್ಟು ಹತ್ತಿರ ತರುವುದು ಕಷ್ಟ. ಆದರೆ ಹನ್ನೊಂದು ಹನ್ನೊಂದೇ, ಸೊನ್ನೆಯಲ್ಲ. ನಿನ್ನ ಸಂಬಳ ಹೆಚ್ಚು, ಆದ್ದರಿಂದ ಏಳು ನಿನ್ನ ಕಾಲಂಗೆ, ನಾಲ್ಕು ನನ್ನ ಕಾಲಂಗೆ. ಮುಂದಿನ ವರ್ಷವೂ ನೀನು ನನ್ನ ಗಂಡ.

ಹೂಗುಚ್ಛದ ಖರ್ಚು ಉಳಿಯಿತು ಎಂದು ಅವಳಿಗೆ ಹೇಳು. ನನ್ನ ಪಾಲಿಗೆ ಬರಲಿರುವ ನಾಲ್ಕು ಡಾಲರ್ ನಂಬಿ ಮುಖ್ಯ ಬೀದಿಯ ಅಂಗಡಿಯಲ್ಲಿ ಒಂದು ಪುಡಿಮಾಂಸದ ಬನ್ನು ತಿಂದೆ. ಚೆನ್ನಾಗಿತ್ತು.

ಆರ್ಲಿಸ್


ಸೂ ಸಿಟಿ
22 ಮಾರ್ಚ್ 2020

ಆರ್ಲಿಸ್,

ಸಹಿ ಮಾಡಿದೆ. ಹನ್ನೊಂದು ಎಂದು ಹೇಳಿದಾಗ ಕೊರಿನ್ ಬಿಲ್ಲುಗಳನ್ನೆಲ್ಲ ಮತ್ತೆ ಹರಡಿಕೊಂಡು ಕೂತಳು. "ನನ್ ಲೆಕ್ಕದಲ್ಲಿ ಎಲ್ಲಿ ತಪ್ಪಿತು, ತೋರ್ಸು. ಎಲ್ಲಿ ತಪ್ಪಿತು ಅಂತ ಗೊತ್ತಾದ್ರೆ ಸಾಕು ನಂಗೆ" ಎನ್ನುತ್ತಲೇ ಇದ್ದಳು. ಆಮೇಲೆ ಬಿಲ್ಲುಗಳನ್ನು ಕಸಕ್ಕೆ ಹಾಕಿದಳು. ಇನ್ನು ಮೇಲೆ ಪ್ರಯತ್ನ ಮಾಡುವುದಿಲ್ಲವಂತೆ.

ಬನ್ನಿನ ವಿಷಯ ಅವಳಿಗೆ ಓದಿ ಹೇಳಲಿಲ್ಲ.

ಡೆಲ್ಮರ್


ಕಿಯೊಕಕ್
20 ಮಾರ್ಚ್ 2022

ಡೆಲ್ಮರ್,

ಹೋದ ವರ್ಷ ಫಾರಂಗೆ ಸಹಿ ಮಾತ್ರ ಬಂತು, ಪತ್ರ ಬರಲಿಲ್ಲ. ಆ ಜ್ವರದ ಕಾಲದಲ್ಲಿ ನಿಮ್ಮ ಫ್ಯಾಕ್ಟರಿಯಲ್ಲಿ ತುಂಬ ಜನ ಮಲಗಿದರೆಂದು ಟಿವಿಯಲ್ಲಿ ನೋಡಿದ್ದೆ. ನೀನು ಮಲಗಿದ್ದೆಯೋ ಇಲ್ಲವೋ ಎನ್ನುವುದು ನನಗೆ ತಿಳಿದದ್ದು ನಿನ್ನ ಸಂಬಳದ ಚೀಟಿಯಿಂದ. ಸಂಬಳ ಕಡಿಮೆಯಾಗಿರಲಿಲ್ಲ, ಆದ್ದರಿಂದ ಬದುಕಿದ್ದೀ ಎಂದುಕೊಂಡೆ.

ಅಣೆಕಟ್ಟಿನ ಕೆಳಗೆ ಈ ಚಳಿಗಾಲ ಹದ್ದುಗಳು ತುಂಬ ಬಂದಿದ್ದವು. ಮೊದಲೆಲ್ಲ ಜನವರಿಯಲ್ಲಿ ನೀನೂ ನಾನೂ ಕಾರಿನಲ್ಲೇ ಕೂತು ನೋಡುತ್ತಿದ್ದೆವು, ನೀನು ನಿದ್ದೆ ಹೋಗುತ್ತಿದ್ದೆ. ಈ ಸಲ ನಾನೊಬ್ಬಳೇ ಹೋದೆ. ಹಿಂದಿನ ಕೋಣೆಗೆ ಹೊಸ ಬಣ್ಣ ಹೊಡೆಸಿದ್ದೇನೆ. ಖಾಲಿ ಇದೆ. ಸುಮ್ಮನೆ ಹೇಳಿದೆ.

ಎಂಟು ವರ್ಷವಾಯಿತು. ಕೋರ್ಟಿಗೆ ನೀನೊಬ್ಬನೇ ಹೋಗಿದ್ದರೂ ಡೈವೋರ್ಸ್ ಸಿಗುತ್ತಿತ್ತು, ನನ್ನ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ. ಅದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೋಗಲಿಲ್ಲ. ಯಾಕೆ ಎಂದು ನಾನು ಕೇಳುವುದಿಲ್ಲ. ನನಗೆ ತೋಚಿದ್ದು ನನ್ನಲ್ಲೇ ಇರಲಿ.

ಗುರುತು ಹಾಕಿದ ಕಡೆ ಸಹಿ ಮಾಡು. ಈ ವರ್ಷ ಎರಡು ಸಾಲಾದರೂ ಬರೆ.

ಆರ್ಲಿಸ್

(ಈ ಪತ್ರಕ್ಕೆ ಉತ್ತರ ಬರಲಿಲ್ಲ. ಸಹಿ ಮಾಡಿದ ಫಾರಂ ಮಾತ್ರ ಬಂತು. ಮರುವರ್ಷವೂ ಹಾಗೆಯೇ.)


ಸೂ ಸಿಟಿ
18 ಫೆಬ್ರವರಿ 2024

ಆರ್ಲಿಸ್,

ಈಗ ನಿನ್ನ ಸಹಾಯ ಬೇಕು. ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಹೋಟೆಲಿನಲ್ಲಿ ಯಾರೋ ಬಿಟ್ಟುಹೋದ ಪೇಪರನ್ನು ಕೊರಿನ್ ಓದಿದ್ದಾಳೆ. ವಾಷಿಂಗ್ಟನ್ನಿಗೆ ಕಟ್ಟಿದ್ದನ್ನು ಕಳೆಯುವ ಪದ್ಧತಿಯನ್ನೇ ಅಯೋವಾ ತೆಗೆದುಹಾಕಿದೆಯಂತೆ. ಗಂಡನಿಗೊಂದು ಹೆಂಡತಿಗೊಂದು ಕಾಲಂ ಇರುವ ಫಾರಂ ಕೂಡ ಈ ವರ್ಷದಿಂದ ಇಲ್ಲ. ಕತ್ತರಿಸಿಕೊಂಡು ಬಂದು ತಟ್ಟೆಯ ಪಕ್ಕ ಇಟ್ಟಳು. "ಕಾಲಮ್ಮೇ ಇಲ್ಲ ಅಂದ್ಮೇಲೆ ಹಂಚೋದೇನು? ಇನ್ಯಾತಕ್ಕೆ ಕಾಯ್ತಿದೀಯ?" ಎಂದಳು. ನಾನು ಆರ್ಲಿಸ್‌ಗೆ ಬರೆದು ಕೇಳುತ್ತೇನೆ ಎಂದೆ. ಕೇಳುತ್ತಿದ್ದೇನೆ. ಇನ್ನೇನಾದರೂ ತೊಡಕಿದೆ ಎಂದು ಒಂದು ಪತ್ರ ಬರೆ. ನಿನ್ನ ಎಂದಿನ ರೀತಿಯಲ್ಲಿ, ಅವಳಿಗೆ ಅರ್ಥವಾಗದ ಹಾಗೆ.

ಗಾಬರಿಯಾಗಬೇಡ. ನೀನು ಹೇಳುತ್ತಿದ್ದದ್ದು ಸುಳ್ಳು ಎಂದು ನನಗೆ ಮೊದಲ ವರ್ಷವೇ ಗೊತ್ತಾಯಿತು. ಸಂಬಳದ ಆಫೀಸಿನ ವರ್ನಾಗೆ ನಿನ್ನ ಪತ್ರ ತೋರಿಸಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ಮೂರು ಸಲ ಡೈವೋರ್ಸ್ ಆಗಿದೀನಿ ಕಣೋ. ಮೂರು ಸಲಾನೂ ಹಳೇ ರೀಫಂಡಿತ್ತು. ನಿನ್ ಪಾಲು ನೀನು ಬರಿ, ಅವಳ ಪಾಲು ಅವಳು ಬರೀತಾಳೆ, ಅಷ್ಟೇ. ಸೊನ್ನೆಯಂತೆ ಸೊನ್ನೆ! ನಿನ್ ಹೆಂಡ್ತಿ ನಿನ್ನ ಚೆನ್ನಾಗಿ ಕುಣಿಸ್ತಿದಾಳೆ" ಎಂದಳು.

ಅದನ್ನು ಕೊರಿನ್‌ಗೆ ಹೇಳಲಿಲ್ಲ. ನಿನ್ನ ಸುಳ್ಳು ನನಗೆ ಬೇಕಾಗಿತ್ತು. ಪ್ರತಿ ವಸಂತದಲ್ಲೂ ನಿನ್ನ ಪತ್ರವನ್ನು ಅವಳ ಮುಂದೆ ಹಿಡಿದು, ನೋಡು, ನಾನೇನು ಮಾಡಲಿ ಎನ್ನುತ್ತಿದ್ದೆ. ಹನ್ನೊಂದು ಡಾಲರಿನ ವರ್ಷ ಇದೆಯಲ್ಲ, ಅವಳ ಲೆಕ್ಕ ಸರಿಯಾಗಿಯೇ ಇತ್ತು. ನಿಜವಾಗಿ ಸೊನ್ನೆ ಬಂದುಬಿಡುತ್ತದೆ ಎಂದು ಅಕ್ಟೋಬರಿನಲ್ಲಿ ಹೆದರಿಕೆಯಾಗಿ, ವಾರಕ್ಕೆ ಒಂದು ಡಾಲರ್ ಹೆಚ್ಚು ಹಿಡಿಯಿರಿ ಎಂದು ವರ್ನಾಗೆ ಹೇಳಿದೆ. ಆಮೇಲಿನ ಚೆಕ್ಕುಗಳನ್ನು ಕೊರಿನ್‌ಗೆ ತೋರಿಸದೆ ಬಾಯಲ್ಲೇ ಲೆಕ್ಕ ಹೇಳಿದೆ.

ಯಾಕೆ ಎಂದು ಕೇಳುತ್ತೀಯ. ನನಗೆ ಅರವತ್ತನಾಲ್ಕು. ಕೊರಿನ್ ನನಗಿಂತ ಹತ್ತು ವರ್ಷ ಚಿಕ್ಕವಳು, ನೋಡಲು ಈಗಲೂ ಚೆನ್ನಾಗಿದ್ದಾಳೆ. ಕಾಲು ಸರಿಯಾಗಿದ್ದಾಗ ಕುಣಿತದ ಹಾಲಿನಲ್ಲಿ ಅವಳ ಜೊತೆ ಕುಣಿಯಲು ಗಂಡಸರು ಸಾಲು ನಿಲ್ಲುತ್ತಿದ್ದರು. ಕಾಲು ನೆಟ್ಟಗಾದರೆ ಅವಳು ನನ್ನ ಜೊತೆ ಇರುತ್ತಾಳೆಯೇ? ಈಗ ಹೋಟೆಲಿನ ಗಲ್ಲಾ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ. ವಾಕರ್ ಹಿಡಿದು ಅಡುಗೆಮನೆಗೂ ಹಾಸಿಗೆಗೂ ನಡೆಯುತ್ತಾಳೆ. ನಾನು ಬಂದಾಗ ಮನೆಯಲ್ಲಿರುತ್ತಾಳೆ. ನಾನು ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ.

ನಾನು ಕೈತಪ್ಪಬಾರದೆಂದು ನೀನು ಬರೆದೆ, ಅವಳು ಕೈತಪ್ಪಬಾರದೆಂದು ನಾನು ಓದಿ ಹೇಳಿದೆ. ಇಬ್ಬರಿಗೂ ಅನುಕೂಲವಾಯಿತು. ಇನ್ನೊಂದು ಸಲ ಬರೆ.

ಡೆಲ್ಮರ್


ಕಿಯೊಕಕ್
10 ಮಾರ್ಚ್ 2024

ಡೆಲ್ಮರ್,

ನಿನ್ನ ಪತ್ರ ಓದಿದೆ. ಓದಿ ಒಲೆಗೆ ಹಾಕಿದೆ, ಹೆದರಬೇಡ.

ಇಷ್ಟು ವರ್ಷ ನಿನ್ನನ್ನು ಕಟ್ಟಿಹಾಕಿದ್ದೇನೆ ಎಂದು ಒಳಗೊಳಗೇ ಕುಣಿದಾಡಿದ್ದೆ. ಕೋರ್ಟಿಗೆ ನೀನೊಬ್ಬನೇ ಹೋಗಬಹುದಿತ್ತು, ಹೋಗದೆ ಇದ್ದೀ ಎಂದರೆ ಎಲ್ಲೋ ಒಂದು ಕಡೆ ನಾನಿನ್ನೂ ನಿನಗೆ ಬೇಕು ಎಂದುಕೊಂಡಿದ್ದೆ. ಕೋಣೆಗೆ ಬಣ್ಣ ಹೊಡೆಸಿದೆ. ನೀನು ನನ್ನ ಪತ್ರಗಳನ್ನು ಆ ಹೆಂಗಸಿನ ಕಾಲಿಗೆ ಕಟ್ಟುವ ಹಗ್ಗ ಮಾಡಿಕೊಂಡಿದ್ದೆ. ನನಗೆ ಉರಿಯುತ್ತಿದೆ, ಡೆಲ್ಮರ್. ಅವಳಿಗಾಗಿ ಅಲ್ಲ. ಅವಳಿಗಾಗಿ ಎಂದು ಬರೆದರೆ ಸುಳ್ಳಾಗುತ್ತದೆ. ನನಗಾಗಿ.

ಇನ್ನೊಂದು ತೊಡಕು ಹುಟ್ಟಿಸಿ ಬರೆ ಎಂದಿದ್ದೀ. ಬರೆಯುವುದಿಲ್ಲ. ಸೋಮವಾರ ಕೋರ್ಟಿಗೆ ಹೋಗಿ ನಾನೇ ಡೈವೋರ್ಸಿಗೆ ಅರ್ಜಿ ಹಾಕಿದೆ. ಕಾಯುವ ಅವಧಿ ಜೂನಿಗೆ ಮುಗಿಯುತ್ತದೆ. ನಿನ್ನಿಂದ ನನಗೆ ಏನೂ ಬೇಡ ಎಂದು ಬರೆದುಕೊಟ್ಟಿದ್ದೇನೆ. ನನ್ನ ಸಹಿ ಇರುವ ಕಾಗದಗಳ ಪ್ರತಿಯನ್ನು ನಿನ್ನ ಹೆಸರಿಗೆ ಕಳಿಸಿಲ್ಲ, ಕೊರಿನ್ ಹೆಸರಿಗೆ ಕಳಿಸಿದ್ದೇನೆ. ಹೋಟೆಲಿನ ವಿಳಾಸಕ್ಕೆ. ಇಷ್ಟು ಹೊತ್ತಿಗೆ ಗಲ್ಲಾದ ಹಿಂದೆ ಕೂತು ಅವಳು ಓದಿರಬೇಕು, ಹೋಟೆಲಿಗೆಲ್ಲ ತೋರಿಸಿರಬೇಕು.

ಮದುವೆಯಾಗು. ಆಗುವುದಿಲ್ಲ ಎನ್ನುವುದಾದರೆ, ಯಾಕೆ ಎಂದು ನೀನೇ ಅವಳಿಗೆ ಹೇಳು.

ಆರ್ಲಿಸ್


ಸೂ ಸಿಟಿ
6 ನವೆಂಬರ್ 2024

ಆರ್ಲಿಸ್,

ಜೂನ್ ಕೊನೆಯಲ್ಲಿ ಕೋರ್ಟಿನಲ್ಲಿ ಮದುವೆಯಾಯಿತು. ಆಗಸ್ಟಿನಲ್ಲಿ ಆಪರೇಷನ್. ನಾನು ರಜೆ ಹಾಕಿ ನೋಡಿಕೊಂಡೆ. ಸ್ನಾನ ಮಾಡಿಸಿದೆ, ಸಾಕ್ಸ್ ಹಾಕಿದೆ, ಡಾಕ್ಟರು ಹೇಳಿದಂತೆ ಕಾಲು ಮಡಚಿಸಿ ಬಿಡಿಸಿದೆ. ಒಂದು ದಿನ ಕೋಲು ಬಿಟ್ಟು ಅಂಚೆಪೆಟ್ಟಿಗೆಯವರೆಗೂ ನಡೆದು ತಿರುಗಿ ಬಂದಳು. ನಾನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ, ಆರ್ಲಿಸ್. ನಿಜವಾಗಿಯೂ ಖುಷಿಯಾಗಿತ್ತು. ಇಷ್ಟಕ್ಕೆ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಶನಿವಾರ ಕುಣಿಯಲು ಹೋಗೋಣ ಎಂದಿದ್ದಳು. ಶುಕ್ರವಾರ ನಾನು ಕೆಲಸ ಮುಗಿಸಿ ಬಂದಾಗ ಮನೆಯಲ್ಲಿರಲಿಲ್ಲ. ಕಾರೂ ಇರಲಿಲ್ಲ. ಬಟ್ಟೆ ತೆಗೆದುಕೊಂಡು ಹೋಗಿದ್ದಾಳೆ. ಫೋನ್ ಎತ್ತುವುದಿಲ್ಲ. ಹೋಟೆಲಿನವರು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಜಗಳವಾಗಿರಲಿಲ್ಲ. ಬೆಳಿಗ್ಗೆ ನನಗೆ ಮೊಟ್ಟೆ ಹುರಿದುಕೊಟ್ಟಿದ್ದಳು.

ಅವಳು ಯಾಕೆ ಹೀಗೆ ಮಾಡಿದಳು? ನಿನಗೇನಾದರೂ ಬರೆದಿದ್ದಾಳೆಯೇ? ನನಗೆ ಬೇರೆ ಯಾರೂ ಇಲ್ಲ. ಹಿಂದಿನ ಕೋಣೆ ಇನ್ನೂ ಖಾಲಿ ಇದೆಯೇ?

ಡೆಲ್ಮರ್


ಕಿಯೊಕಕ್
14 ನವೆಂಬರ್ 2024

ಡೆಲ್ಮರ್,

ಕೋಣೆ ಖಾಲಿ ಇದೆ. ನಿನಗಲ್ಲ.

ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಯಾಕೆ ಹೋದಳು ಎಂದರೆ, ಅದು ಗೊತ್ತಿದೆ.

ಮಾರ್ಚಿನಲ್ಲಿ ನಿನ್ನ ಪತ್ರವನ್ನು ಒಲೆಗೆ ಹಾಕಿದೆ ಎಂದು ಬರೆದಿದ್ದೆ. ಹಾಕಿದ್ದು ನಿಜ. ಹಾಕುವ ಮೊದಲು ಹೋಟೆಲಿಗೆ ಫೋನ್ ಮಾಡಿ ಅವಳನ್ನು ಕರೆಸಿ, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಒಳ್ಳೆಯತನದಿಂದ ಓದಲಿಲ್ಲ. ನನಗೆ ಉರಿದಷ್ಟು ಅವಳಿಗೂ ಉರಿಯಲಿ, ನಿನ್ನನ್ನು ಅವತ್ತೇ ಬೀದಿಗೆ ಹಾಕಲಿ ಎಂದು ಓದಿದೆ. ಮದುವೆಯ ದಿನ, ನೀನು ಸಾಕ್ಸ್ ಹಾಕುವಾಗ, ಚಪ್ಪಾಳೆ ತಟ್ಟುವಾಗ, ಅವಳಿಗೆ ಎಲ್ಲವೂ ಗೊತ್ತಿತ್ತು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹಿಂದೆ ತಟ್ಟೆಗಳ ಸದ್ದು ಕೇಳುತ್ತಿತ್ತು. ಹನ್ನೊಂದು ಡಾಲರಿನ ಕಡೆ ಬಂದಾಗ, "ಅದನ್ನ ಇನ್ನೊಂದ್ಸಲ ಓದಿ" ಎಂದಳು. ಓದಿದೆ. "ಹಂಗಾದ್ರೆ ನನ್ ಲೆಕ್ಕ ಸರೀಗಿತ್ತು" ಎಂದಳು. ಮದುವೆ ಬೇಡ ಅನ್ನಿಸಿದರೆ ನಾನು ಕಳಿಸಿದ ಕೋರ್ಟಿನ ಕಾಗದ ಹರಿದುಹಾಕು, ನಿನ್ನ ಜಾಗದಲ್ಲಿ ನಾನಿದ್ದರೆ ಹಾಗೇ ಮಾಡುತ್ತಿದ್ದೆ ಎಂದೆ.

"ಇಲ್ಲಮ್ಮ, ಮದ್ವೆ ಆಗ್ತೀನಿ" ಎಂದಳು ಕೊರಿನ್. ಆಮೇಲೆ ಕೇಳಿದಳು: "ಸೊಂಟದ ಆಪರೇಷನ್ ಆದ್ಮೇಲೆ ಎಷ್ಟು ದಿನಕ್ಕೆ ಕಾರು ಓಡಿಸ್ಬೋದು ಅಂತ ನಿಮ್ಗೇನಾದ್ರೂ ಗೊತ್ತಾ?"

ಆರ್ಲಿಸ್